ಪುನರುತ್ಥಾನದ ಹಬ್ಬವೂ ಮನೆಯ ಕಿರಿಯರೂ



ಕ್ರಿಸ್ಮಸ್ ಹಬ್ಬದ ಅರ್ಥವನ್ನು ಮಕ್ಕಳಿಗೆ ತಿಳಿಯಪಡಿಸುವುದು ಅಷ್ಟೇನೂ ಕಷ್ಟವಲ್ಲ. ಒಂದು ಕೂಸು ಹುಟ್ಟಿತು ಎಂದರೆ ಮೂರು ವರ್ಷದ ಕೂಸಿಗೂ ಅರ್ಥವಾಗುತ್ತದೆ. ಆದರೆ ಈಸ್ಟರ್ ಎಂದು ನಾವು ಕರೆಯುವ ಪುನರುತ್ಥಾನದ ಹಬ್ಬವು ಹಾಗಲ್ಲ. ಅದರ ಬಾಗಿಲಲ್ಲಿ ಒಂದು ಮರಣವಿದೆ, ಒಂದು ಸಮಾಧಿಯಿದೆ. ಇದನ್ನು ಎಳೆಯರಿಗೆ ಹೇಗೆ ಹೇಳಬೇಕೆಂದು ತೋಚದೆ ನಮ್ಮಲ್ಲಿ ಅನೇಕರು ಶುಕ್ರವಾರವನ್ನು ಮುಚ್ಚಿಟ್ಟು, ಭಾನುವಾರ ಬಣ್ಣದ ಮೊಟ್ಟೆಯನ್ನೂ ಹೊಸ ಅಂಗಿಯನ್ನೂ ಕೊಟ್ಟು ಸುಮ್ಮನಾಗುತ್ತೇವೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಮ್ಮ ಮನೆಗಳಲ್ಲಿ ಅಜ್ಜ ಅಜ್ಜಿಯರೂ ಬಂಧುಗಳೂ ಕೂಡಿಕೊಂಡು ಈ ಹಬ್ಬವನ್ನು ಕಿರಿಯರಿಗೆ ಒಂದು ಪಾಠವನ್ನಾಗಿ ಮಾಡುವ ಬಗೆ ಹೇಗೆಂಬುದನ್ನು ಇಲ್ಲಿ ವಿವೇಚಿಸಲಾಗಿದೆ. ಮರಣವನ್ನು ಮರೆಮಾಡದೆ ಹೇಳಿದರೆ ಮಾತ್ರ ಜೀವದ ಸುದ್ದಿ ಮಗುವಿಗೆ ಸುದ್ದಿಯಾಗಿ ತೋರುವುದೆಂಬುದೇ ಇದರ ತಾತ್ಪರ್ಯ.

೧. ಹಬ್ಬದ ದಿನವನ್ನು ಚಂದ್ರನಿಂದ ತಿಳಿಯುವುದು

ಮೊದಲನೆಯ ಪಾಠವನ್ನು ಅಂಗಳದಲ್ಲಿ ನಿಂತು ಕಲಿಸಬಹುದು. ಕ್ರಿಸ್ಮಸ್ ಹಬ್ಬಕ್ಕೆ ಗೊತ್ತಾದ ತಾರೀಖು ಉಂಟು, ಈಸ್ಟರಿಗೆ ಇಲ್ಲ. ಮಾರ್ಚಿ ೨೧ರಂದು ಅಥವಾ ಆ ಬಳಿಕ ಬರುವ ಹುಣ್ಣಿಮೆಯ ನಂತರದ ಮೊದಲನೆಯ ಭಾನುವಾರವೇ ಈ ಹಬ್ಬವೆಂದು ಸಭೆಯ ಲೆಕ್ಕ. ಆದಕಾರಣ ಅದು ಮಾರ್ಚಿ ೨೨ಕ್ಕಿಂತ ಮೊದಲಾಗಲಿ ಏಪ್ರಿಲ್ ೨೫ರ ತರುವಾಯವಾಗಲಿ ಬರುವುದಿಲ್ಲ. ಎಲ್ಲ ಸಭೆಗಳೂ ಒಂದೇ ಭಾನುವಾರ ಆಚರಿಸಬೇಕೆಂದು ಕ್ರಿ. ಶ. ೩೨೫ರಲ್ಲಿ ನಿಕಾಯದಲ್ಲಿ ಕೂಡಿದ ಮಹಾಸಭೆಯು ತೀರ್ಮಾನಿಸಿತು. ಯೆಹೂದ್ಯರ ಪಸ್ಕ ಹಬ್ಬವು ಹುಣ್ಣಿಮೆಯ ಹಬ್ಬ. ಯೇಸುವು ಶಿಲುಬೆಗೆ ಹಾಕಲ್ಪಟ್ಟದ್ದು ಆ ಹಬ್ಬದ ಕಾಲದಲ್ಲಿಯೇ. ಚಂದ್ರನ ಸಂಬಂಧವು ಹೀಗೆ ಬಂದಿತು.

ನೆರೆಮನೆಯವರ ಪಂಚಾಂಗದ ಪರಿಚಯವುಳ್ಳ ನಮ್ಮ ಮಕ್ಕಳಿಗೆ ಇದು ಹೊಸದಾಗಿ ತೋರುವುದಿಲ್ಲ. ೨೦೨೫ರಲ್ಲಿ ಯುಗಾದಿಯು ಮಾರ್ಚಿ ೩೦ರಂದೂ ಈಸ್ಟರ್ ಏಪ್ರಿಲ್ ೨೦ರಂದೂ ಬಂದುವು. ೨೦೨೪ರಲ್ಲಿ ಮಾತ್ರ ಹೋಳಿ ಹುಣ್ಣಿಮೆ ಕಳೆದ ಕೆಲವೇ ದಿನಗಳಲ್ಲಿ, ಯುಗಾದಿಗಿಂತ ಮೊದಲೇ, ಮಾರ್ಚಿ ೩೧ರಂದು ಈಸ್ಟರ್ ಬಂದಿತು. ಹಬ್ಬಕ್ಕೆ ಹದಿನೈದು ದಿನವಿರುವಾಗ ಅಜ್ಜನು ಮಗುವಿನ ಕೈಹಿಡಿದು ಅಂಗಳಕ್ಕೆ ಕರೆದುಕೊಂಡು ಹೋಗಲಿ. ಅಡಿಕೆ ಮರಗಳ ತುದಿಯಲ್ಲಿ ಚಂದ್ರನು ದಿನೇ ದಿನೇ ತುಂಬುವುದನ್ನು ಇಬ್ಬರೂ ನೋಡಲಿ. ಅಂಗಡಿಯ ಕ್ಯಾಲೆಂಡರಿನ ಕೆಂಪಕ್ಷರಕ್ಕಿಂತ ಇದು ಬಹುಕಾಲ ನೆನಪಿನಲ್ಲಿ ಉಳಿಯುತ್ತದೆ.

೨. ನಮ್ಮ ಸೀಮೆಯಲ್ಲಿ ಈ ಹಬ್ಬ

ನಮ್ಮ ಮೂರು ತಾಲ್ಲೂಕುಗಳ ಕ್ರೈಸ್ತರು ಒಂದೇ ಮೂಲದವರಲ್ಲ. ಇಂದು ಹೊಸನಗರ ತಾಲ್ಲೂಕಿಗೆ ಸೇರಿರುವ ನಗರವು ಬಿದನೂರೆಂಬ ಹೆಸರಿನಿಂದ ಕೆಳದಿಯ ಅರಸರ ರಾಜಧಾನಿಯಾಗಿದ್ದ ಕಾಲದಲ್ಲಿ, ಗೋವೆಯಿಂದ ಬಂದ ಕೊಂಕಣಿ ಕುಟುಂಬಗಳು ಘಟ್ಟದ ಕೆಳಗೆ ಅವರ ರಾಜ್ಯದಲ್ಲಿ ನೆಲೆಸಿದುವು. ೧೭೬೩ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. ೧೭೮೪ರಲ್ಲಿ ಟಿಪ್ಪುವು ಆ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ೧೭೯೯ರಲ್ಲಿ ಉಳಿದವರು ಬಿಡುಗಡೆಯಾದರು. ಅವರ ಸಂತತಿಯವರಲ್ಲಿ ಎಷ್ಟೋ ಮಂದಿ ಆ ಬಳಿಕ ಘಟ್ಟ ಹತ್ತಿ ಮಲೆನಾಡಿನ ತೋಟಗಳ ಸೀಮೆಗೆ ಬಂದರು. ಶಿವಮೊಗ್ಗಕ್ಕೆ ಪ್ರತ್ಯೇಕ ಕಥೋಲಿಕ ಧರ್ಮಕ್ಷೇತ್ರವಾದದ್ದು ೧೯೮೮ರಲ್ಲಿ. ಇನ್ನು ವೆಸ್ಲಿಯನ್ ಮಿಷನ್ನಿನ ಮೈಸೂರು ಸೀಮೆಯ ಸಭೆಗಳು ೧೯೪೭ರ ಸೆಪ್ಟೆಂಬರ್ ೨೭ರಂದು ದಕ್ಷಿಣ ಭಾರತ ಸಭೆಯಲ್ಲಿ ಸೇರಿದುವು. ಕೇರಳದಿಂದ ಬಂದು ಇಲ್ಲಿ ಬೇಸಾಯಕ್ಕೆ ನಿಂತ ಸಿರಿಯನ್ ಕ್ರೈಸ್ತರೂ ಉಂಟು. ಅವರಿಗಾಗಿ ೨೦೦೭ರಲ್ಲಿ ಭದ್ರಾವತಿಯ ಧರ್ಮಪ್ರಾಂತ್ಯವು ಸ್ಥಾಪಿತವಾಯಿತು.

ಇದರಿಂದಾಗಿ ಒಂದೇ ಬಳಗದೊಳಗೆ ಹಲವು ವಾಡಿಕೆಗಳು ಕೂಡುತ್ತವೆ. ಸೊಸೆ ಒಂದು ಸಭೆಯವಳು, ಅಳಿಯ ಇನ್ನೊಂದು ಸಭೆಯವನು. ಒಬ್ಬರು ಶುಭ ಶುಕ್ರವಾರ ಎಂದರೆ ಇನ್ನೊಬ್ಬರು ಪವಿತ್ರ ಶುಕ್ರವಾರ ಎನ್ನುವರು. ಒಬ್ಬರು ಪುನರುತ್ಥಾನದ ಹಬ್ಬವೆಂದರೆ ಇನ್ನೊಬ್ಬರು ಪಾಸ್ಖದ ಹಬ್ಬವೆನ್ನುವರು. ಯಾವುದು ಸರಿ ಎಂದು ಮಕ್ಕಳೆದುರಿಗೆ ವಾದಿಸುವುದು ಬೇಡ. ಎರಡನ್ನೂ ಕೇಳಿ ಬೆಳೆದ ಮಗುವಿಗೆ ಹಬ್ಬವು ಎರಡು ಪಾಲು ದೊಡ್ಡದಾಗುತ್ತದೆ.

ಬಂಧುಗಳು ಕೂಡುವುದೂ ಈಗ ಸುಲಭವಲ್ಲ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ೧೯೬೪ರಲ್ಲಿ ಮುಗಿದಾಗ ಸಾಗರ, ಹೊಸನಗರಗಳ ಅನೇಕ ಹಳ್ಳಿಗಳು ನೀರಿನಲ್ಲಿ ಮುಳುಗಿ, ಎಲ್ಲ ಮತದ ಮನೆಮಂದಿಯೂ ಚದುರಿದರು. ಇಂದಿನ ತರುಣರು ಉದ್ಯೋಗಕ್ಕಾಗಿ ಬೆಂಗಳೂರಿಗೂ ಕೊಲ್ಲಿ ದೇಶಗಳಿಗೂ ಹೋಗಿದ್ದಾರೆ. ಶುಕ್ರವಾರ ಸರಕಾರಿ ರಜೆ, ಸೋಮವಾರ ರಜೆಯಿಲ್ಲ. ತಾಳಗುಪ್ಪದ ರೈಲಿನಲ್ಲಿಯೋ ರಾತ್ರಿಯ ಬಸ್ಸಿನಲ್ಲಿಯೋ ಬಂದವರಿಗೆ ದೊರೆಯುವುದು ಮೂರೇ ದಿನ. ಆ ಮೂರು ದಿನಗಳು ಅಡಿಗೆಯಲ್ಲಿಯೂ ಟೆಲಿಫೋನಿನ ತೆರೆಯ ಮುಂದೆಯೂ ಕಳೆದುಹೋಗದಂತೆ ಮೊದಲೇ ಯೋಚಿಸಬೇಕು.

೩. ವಾರದ ಪಾಠಕ್ರಮ

ಎಳೆಯ ಮಕ್ಕಳು ಕಿವಿಗಿಂತ ಹೆಚ್ಚಾಗಿ ಕೈಯಿಂದ ಕಲಿಯುವರೆಂಬುದು ಶಾಲೆಯಲ್ಲಿ ಪಾಠ ಹೇಳಿದವರೆಲ್ಲರ ಅನುಭವ. ಆದುದರಿಂದ ದಿನಕ್ಕೊಂದು ಕೆಲಸವನ್ನು ಮಗುವಿಗೂ ಒಬ್ಬ ಹಿರಿಯರಿಗೂ ಕೂಡಿಸಿ ಒಪ್ಪಿಸಬೇಕು.

ಗರಿಗಳ ಭಾನುವಾರ: ದೇವಾಲಯದಿಂದ ತಂದ ತೆಂಗಿನ ಗರಿಯನ್ನು ಮಡಿಸಿ ಶಿಲುಬೆ ಮಾಡುವುದನ್ನು ಅಜ್ಜಿ ಕಲಿಸಲಿ. ಕಥೋಲಿಕರು ಈ ಗರಿಗಳನ್ನು ಕಾದಿಟ್ಟು, ಮುಂದಿನ ವರ್ಷ ಅವುಗಳ ಬೂದಿಯಿಂದಲೇ ವಿಭೂತಿ ಬುಧವಾರದಂದು ಹಣೆಗೆ ಗುರುತು ಹಾಕಿಸಿಕೊಳ್ಳುವರು, ಇದನ್ನೂ ತಿಳಿಸಬಹುದು. ಅದೇ ಸಂಜೆ ಒಂದು ಹಿಡಿ ಬತ್ತವನ್ನು ಮಗುವಿನ ಕೈಯಿಂದ ನೀರಿನಲ್ಲಿ ನೆನೆಹಾಕಿಸಿರಿ. ಮರುದಿನ ಅದನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿರಿ. ಬುಧವಾರ ಮೊಳಕೆ ಒಡೆದಿರುವ ಬತ್ತವನ್ನು ಗೆರಟೆಯಲ್ಲಿ ತುಂಬಿದ ಮಣ್ಣಿಗೆ ಹಾಕಿ ತೆಳ್ಳಗೆ ಮುಚ್ಚಿರಿ. ಏಪ್ರಿಲಿನ ಸೆಕೆಯಲ್ಲಿ ಭಾನುವಾರದ ಹೊತ್ತಿಗೆ ಹಸುರು ಮೊನೆ ಕಾಣಿಸಬೇಕು. ಕಾಣದಿದ್ದರೆ ಹೊಸದನ್ನು ತಂದಿಟ್ಟು ಮಗುವನ್ನು ವಂಚಿಸಬೇಡಿರಿ. ಇನ್ನೆರಡು ದಿನ ಕಾಯೋಣ ಎನ್ನಿರಿ. ಮಣ್ಣಿಗೆ ಬೀಳುವ ಕಾಳಿನ ಸಾಮ್ಯವನ್ನು ಯೇಸುವೇ ಹೇಳಿದ್ದಾನೆ; ಅದು ಯೋಹಾನನ ಸುವಾರ್ತೆಯ ೧೨ನೆಯ ಅಧ್ಯಾಯದಲ್ಲಿದೆ. ಅಲ್ಲಿರುವುದು ಗೋಧಿ; ನಮ್ಮ ಮಕ್ಕಳು ಕಂಡಿರುವುದು ಬತ್ತ. ಕಾಳು ಬೇರೆಯಾದರೂ ಪಾಠ ಒಂದೇ.

ಗುರುವಾರ: ಕೊನೆಯ ಭೋಜನದ ರಾತ್ರಿ ಯೇಸುವು ಶಿಷ್ಯರ ಕಾಲುಗಳನ್ನು ತೊಳೆದನು. ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಡುವುದು ನಮ್ಮ ಮಲೆನಾಡಿನ ಹಳೆಯ ಮರ್ಯಾದೆ. ಅದು ಈಚೆಗೆ ಮರೆಯಾಗುತ್ತಲಿದೆ. ಗುರುವಾರ ಸಂಜೆ ದೊಡ್ಡಪ್ಪ, ಅತ್ತೆ, ಚಿಕ್ಕಮ್ಮಂದಿರು ಬಂದಿಳಿಯುವಾಗ, ಜಗಲಿಯ ಮೆಟ್ಟಿಲಲ್ಲಿ ಚೊಂಬು ನೀರನ್ನು ಹಿಡಿದು ನಿಲ್ಲುವ ಕೆಲಸವು ಮನೆಯ ಕಿರಿಯ ಮಗುವಿನದಾಗಲಿ. ಬಳಿಕ ಹಿರಿಯರಲ್ಲಿ ಒಬ್ಬರು ಆ ಮಗುವಿನ ಕಾಲನ್ನೇ ತೊಳೆದು ಒರಸಲಿ. ದೊಡ್ಡವರು ತನ್ನ ಮುಂದೆ ಬಗ್ಗಿದರೆಂಬುದನ್ನು ಮಗು ಮರೆಯಲಾರದು. ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ಈ ರಾತ್ರಿ ಹುಳಿಯಿಲ್ಲದ ಅಪ್ಪವನ್ನು ಮನೆಯ ಯಜಮಾನನು ಮುರಿದು, ಹಿರಿಯರಿಂದ ಕಿರಿಯರವರೆಗೂ ಎಲ್ಲರಿಗೂ ಹಂಚುವ ವಾಡಿಕೆಯುಂಟು. ಬೇರೆ ಸಭೆಯವರೂ ಗಮನಿಸತಕ್ಕ ಪದ್ಧತಿಯಿದು. ಊಟವಾದ ಮೇಲೆ ಎಲ್ಲರೂ ಅಂಗಳಕ್ಕೆ ಹೋಗಿ, ಹುಣ್ಣಿಮೆಗೆ ಸಮೀಪವಾದ ಚಂದ್ರನನ್ನು ನೋಡಿ, ಗೆತ್ಸೇಮನೆ ತೋಟದ ರಾತ್ರಿಯಲ್ಲಿಯೂ ಇಂಥ ಬೆಳಕೇ ಇದ್ದಿರಬೇಕೆಂದು ಹೇಳಬಹುದು.

ಶುಕ್ರವಾರ: ಈ ದಿನ ಗಂಜಿ, ಉಪ್ಪಿನಕಾಯಿ ಸಾಕು. ಎಳೆಯರಿಗೆ ಉಪವಾಸವನ್ನು ವಿಧಿಸಬಾರದು. ಆದರೆ ಎಲ್ಲರೂ ಉಣ್ಣುವ ಸಾದಾ ಊಟವನ್ನೇ ಅವರೂ ಉಣ್ಣಲಿ. ಕಥೋಲಿಕ ದೇವಾಲಯಗಳಲ್ಲಿ ಇಂದು ಗಂಟೆ ಹೊಡೆಯುವುದಿಲ್ಲ. ಅದಕ್ಕೆ ಬದಲಾಗಿ ಮರದ ಗಿಲಕಿಯ ಸದ್ದು. ಆ ಒಣ ಸದ್ದು ಏಕೆಂದು ಮಕ್ಕಳು ಕೇಳಿಯೇ ಕೇಳುವರು. ಯೇಸುವು ಸತ್ತನು, ಅವನ ತಾಯಿಯು ನೋಡುತ್ತ ನಿಂತಿದ್ದಳು, ಸ್ನೇಹಿತರಲ್ಲಿ ಬಹುಮಂದಿ ಓಡಿಹೋಗಿದ್ದರು ಎಂದು ಚಿಕ್ಕ ಮಾತುಗಳಲ್ಲಿ ಹೇಳಿರಿ. ಮೊಳೆ, ರಕ್ತಗಳ ವರ್ಣನೆ ಎಳೆಯರಿಗೆ ಬೇಡ. ಸತ್ತನೆಂಬ ಮಾತನ್ನು ಮಾತ್ರ ಬಿಡಬಾರದು.

ಶನಿವಾರ: ಮನೆಯವರೆಲ್ಲ ಸ್ಮಶಾನಕ್ಕೆ ಹೋಗಿ ತಮ್ಮವರ ಸಮಾಧಿಯ ಮೇಲಿನ ಕಳೆ ಕಿತ್ತು, ಶಿಲುಬೆಗೆ ಸುಣ್ಣ ಬಳಿಯುವುದಕ್ಕೆ ಈ ದಿನ ತಕ್ಕದ್ದು. ಇಲ್ಲಿ ಮಲಗಿರುವವರು ಯಾರು, ಅವರು ಯಾವ ಊರಿನಿಂದ ಬಂದರು, ಏನು ಕೆಲಸ ಮಾಡುತ್ತಿದ್ದರು ಎಂಬುದನ್ನು ಹಿರಿಯರು ಹೇಳಲಿ. ಮುಳುಗಡೆಯ ಸೀಮೆಯವರಿಗೆ ಹಳೆಯ ಸಮಾಧಿಗಳು ಇಲ್ಲದಿರಬಹುದು. ಅವರು ಹೆಸರುಗಳನ್ನಾದರೂ ಹೇಳಿ, ಮಕ್ಕಳಿಂದ ಬರೆಯಿಸಿಡಲಿ. ರಾತ್ರಿ ಕಥೋಲಿಕರಿಗೆ ಜಾಗರಣೆಯ ಪೂಜೆಯುಂಟು. ಹೊಸ ಬೆಂಕಿಯಿಂದ ದೊಡ್ಡ ಮೇಣದಬತ್ತಿಯನ್ನು ಹಚ್ಚಿ, ಅದರಿಂದ ಎಲ್ಲರ ಕೈಬತ್ತಿಗಳನ್ನೂ ಹಚ್ಚುವರು. ಹಿಂದೆ ಈ ಪೂಜೆಯು ಶನಿವಾರ ಬೆಳಗ್ಗೆಯೇ ನಡೆಯುತ್ತಿತ್ತು. ಹನ್ನೆರಡನೆಯ ಪಯಸ್ ಜಗದ್ಗುರುಗಳು ೧೯೫೧ರಲ್ಲಿ ಪ್ರಯೋಗಾರ್ಥವಾಗಿ, ೧೯೫೬ರಿಂದ ಎಲ್ಲೆಡೆಯಲ್ಲಿಯೂ, ಅದನ್ನು ಮರಳಿ ರಾತ್ರಿಗೆ ತಂದರು. ಕತ್ತಲೆಯಲ್ಲಿ ಒಂದು ಬತ್ತಿಯಿಂದ ನೂರು ಬತ್ತಿ ಹತ್ತುವುದನ್ನು ನೋಡಿದ ಮಗುವಿಗೆ ಅದರ ಮೇಲೆ ವ್ಯಾಖ್ಯಾನ ಬೇಕಿಲ್ಲ.

೪. ಬಣ್ಣದ ಮೊಟ್ಟೆ

ಮೊಟ್ಟೆಯ ವಾಡಿಕೆ ಯುರೋಪಿನಿಂದ ಬಂದದ್ದು. ಅಲ್ಲಿ ಹಿಂದೆ ತಪಸ್ಸಿನ ನಲವತ್ತು ದಿನ ಮಾಂಸದೊಂದಿಗೆ ಮೊಟ್ಟೆಯೂ ವರ್ಜ್ಯವಾಗಿತ್ತು. ಕೋಳಿಯು ಮಾತ್ರ ಮೊಟ್ಟೆಯಿಡುವುದನ್ನು ನಿಲ್ಲಿಸಲಿಲ್ಲ! ಕೂಡಿಬಿದ್ದ ಮೊಟ್ಟೆಗಳು ಹಬ್ಬದ ದಿನ ಹಂಚಿಕೆಗೆ ಬಂದುವು. ಪೌರಸ್ತ್ಯ ಸಭೆಗಳವರು ಕ್ರಿಸ್ತನ ರಕ್ತದ ಗುರುತಾಗಿ ಅವಕ್ಕೆ ಕೆಂಪು ಬಣ್ಣ ಹಾಕುವರು. ಅಂಗಡಿಯ ಬಣ್ಣವನ್ನಾಗಲಿ ಸಕ್ಕರೆಯ ಮೊಟ್ಟೆಯನ್ನಾಗಲಿ ಕೊಳ್ಳಬೇಕಾಗಿಲ್ಲ. ಈರುಳ್ಳಿಯ ಒಣಸಿಪ್ಪೆಯನ್ನು ನೀರಿನಲ್ಲಿ ಹಾಕಿ, ಅದರಲ್ಲಿಯೇ ಮೊಟ್ಟೆಯನ್ನು ಬೇಯಿಸಿದರೆ ಕೆಂಗಂದು ಬಣ್ಣ ಬರುತ್ತದೆ. ಅರಿಶಿನ ಹಾಕಿದರೆ ಹಳದಿ. ಬೇಯಿಸುವ ಮೊದಲು ಚಿಕ್ಕದೊಂದು ಎಲೆಯನ್ನು ಮೊಟ್ಟೆಗೆ ಒತ್ತಿ, ತೆಳುಬಟ್ಟೆಯಿಂದ ಬಿಗಿದು ಕಟ್ಟಿದರೆ ಆ ಎಲೆಯ ಆಕಾರ ಮೂಡುವುದು. ಇದು ಸೋದರಮಾವನಿಗೂ ಮಕ್ಕಳಿಗೂ ಶನಿವಾರದ ಕೆಲಸವಾಗಲಿ.

ನೆರೆಯವರಿಗೆ ಹಬ್ಬದ ತಟ್ಟೆಯನ್ನು ಕಳುಹಿಸುವಾಗ ಅವರ ಆಚಾರವನ್ನು ನೆನೆಯಬೇಕು. ಮೊಟ್ಟೆ ಮುಟ್ಟದವರ ಮನೆಗೆ ಬಾಳೆಹಣ್ಣನ್ನೋ ಮೊಟ್ಟೆಯಿಲ್ಲದ ಸಿಹಿಯನ್ನೋ ಕಳುಹಿಸಿರಿ, ಹೀಗೇಕೆಂಬುದನ್ನು ತಟ್ಟೆ ಹೊರುವ ಮಗುವಿಗೆ ಹೇಳಿರಿ. ಯುಗಾದಿಗೆ ಅವರಿಂದ ಬೇವುಬೆಲ್ಲ ಬಂದಿತ್ತಲ್ಲವೇ?

೫. ಮಗುವಿನ ಕಠಿಣ ಪ್ರಶ್ನೆ

ತೀರ್ಥಹಳ್ಳಿಯ ಕಡೆಯ ಒಂದು ಮನೆಯಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಬೇಕು. ಆ ಮನೆಯ ಅಜ್ಜ ದೀಪಾವಳಿಯ ಸುಮಾರಿಗೆ ತೀರಿಕೊಂಡಿದ್ದರು. ಈಸ್ಟರ್ ಭಾನುವಾರ ಬೆಳಗ್ಗೆ ನಾಲ್ಕು ವರ್ಷದ ಮೊಮ್ಮಗಳು ಅವರ ಚಪ್ಪಲಿಗಳನ್ನು ಹುಡುಕಿ ತಂದು ಜಗಲಿಯ ಮೇಲೆ ಜೋಡಿಸಿಟ್ಟು ಕುಳಿತಿದ್ದಳು. ಏಕೆಂದು ಕೇಳಿದುದಕ್ಕೆ, “ಯೇಸು ಮೂರನೆಯ ದಿನ ಎದ್ದರಲ್ಲ, ಅಜ್ಜ ಎಷ್ಟನೆಯ ದಿನ ಏಳುತ್ತಾರೆ?” ಎಂದಳು. ಒಬ್ಬರು ನಕ್ಕರು. ಒಬ್ಬರು ಗದರಿದರು. ಇನ್ನೊಬ್ಬರು, “ಅಜ್ಜ ಮಲಗಿದ್ದಾರೆ, ಗಲಾಟೆ ಮಾಡಬೇಡ” ಎಂದರು.

ಈ ಮೂರು ಉತ್ತರಗಳೂ ತಪ್ಪು. ೧೯೪೮ರಲ್ಲಿ ಮರಿಯಾ ನಾಗಿ ಎಂಬವರು ಹಂಗೇರಿ ದೇಶದ ಮೂರರಿಂದ ಹತ್ತು ವರ್ಷದ ಮಕ್ಕಳು ಮರಣವನ್ನು ಹೇಗೆ ತಿಳಿಯುವರೆಂಬ ಕುರಿತು ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಐದು ವರ್ಷಕ್ಕಿಂತ ಕಿರಿಯರು ಮರಣವನ್ನು ಒಂದು ನಿದ್ರೆಯಂತೆ, ಇಲ್ಲವೆ ಮರಳಿ ಬರಬಹುದಾದ ಪ್ರಯಾಣದಂತೆ ಎಣಿಸುವರೆಂದು ಅವರು ಕಂಡರು. ಸತ್ತವರು ಮರಳಿ ಬರುವುದಿಲ್ಲವೆಂಬುದು ಬಹುಪಾಲು ಮಕ್ಕಳಿಗೆ ಐದರಿಂದ ಏಳು ವರ್ಷದೊಳಗೆ ತಿಳಿಯುತ್ತದೆಂದು ಆ ಮೇಲಿನ ವಿದ್ವಾಂಸರು ಹೇಳುತ್ತಾರೆ. ಹೀಗಿರಲು, ಅಜ್ಜ ಮಲಗಿದ್ದಾರೆಂದರೆ ಮಗು ಅದನ್ನು ನಿಜವೆಂದೇ ನಂಬುವುದು. ರಾತ್ರಿ ತಾನೇ ಮಲಗುವುದಕ್ಕೆ ಹೆದರುವುದೂ ಉಂಟು. ಊರಿಗೆ ಹೋಗಿದ್ದಾರೆಂದರೆ ಬಾಗಿಲನ್ನು ನೋಡುತ್ತ ಕೂರುವುದು.

ಆ ದಿನ ಅಜ್ಜಿಯು ಒಳಗಿನಿಂದ ಬಂದು ಮೊಮ್ಮಗಳ ಪಕ್ಕದಲ್ಲಿ ಜಗಲಿಯ ಮೇಲೆಯೇ ಕುಳಿತರು. “ಅಜ್ಜ ಸತ್ತಿದ್ದಾರೆ ಮಗೂ. ಇವತ್ತು ಬರುವುದಿಲ್ಲ, ನಾಳೆಯೂ ಬರುವುದಿಲ್ಲ. ನನಗೂ ತುಂಬ ಬೇಸರವಾಗುತ್ತದೆ. ದೇವರು ಅವರನ್ನು ಎಬ್ಬಿಸುತ್ತಾನೆಂದು ನಾನು ನಂಬಿದ್ದೇನೆ. ಯಾವ ದಿನ ಎಂದು ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ” ಎಂದರು. ಮಗು ಸ್ವಲ್ಪ ಹೊತ್ತು ಅತ್ತಿತು. ಆ ಬಳಿಕ ಇಬ್ಬರೂ ಕೂಡಿ ಚಪ್ಪಲಿಗಳನ್ನು ಒರಸಿ ಒಳಗಿಟ್ಟರು. ಬೋಧಕರ ತರಬೇತಿಯ ಯಾವ ತರಗತಿಯಲ್ಲಿಯೂ ಕುಳಿತವರಲ್ಲ ಆ ಅಜ್ಜಿ. ಆದರೂ ತಿಳಿದದ್ದನ್ನು ತಿಳಿದದ್ದೆಂದೂ, ನಂಬಿದ್ದನ್ನು ನಂಬಿದ್ದೆಂದೂ, ತಿಳಿಯದ್ದನ್ನು ತಿಳಿಯದ್ದೆಂದೂ ಬೇರೆಬೇರೆಯಾಗಿ ಹೇಳಿದರು. ಇದಕ್ಕಿಂತ ಒಳ್ಳೆಯ ಪಾಠಕ್ರಮವನ್ನು ನಾವು ಕಾಣೆವು.

ಬೀಜ, ಮೊಟ್ಟೆ, ಚಿಟ್ಟೆಯ ಗೂಡು ಇವುಗಳೆಲ್ಲ ಸಾಮ್ಯಗಳು ಮಾತ್ರ. ಎಂಟು ವರ್ಷದ ಹುಡುಗಿಯು, “ಬತ್ತ ನಿಜವಾಗಿ ಸತ್ತಿರಲಿಲ್ಲವಲ್ಲ” ಎಂದರೆ ಅವಳ ಬುದ್ಧಿಯನ್ನು ಮೆಚ್ಚಿರಿ. ಹೌದು, ಸಾಮ್ಯವು ಅಷ್ಟು ದೂರ ಬರುವುದಿಲ್ಲ ಎಂದು ಒಪ್ಪಿಕೊಳ್ಳಿರಿ.

೬. ಭಾನುವಾರದ ಬೆಳಗು

ಅರುಣೋದಯದ ಆರಾಧನೆಯು ೧೭೩೨ರಲ್ಲಿ ಜರ್ಮನಿಯ ಹೆರ್ನ್‌ಹೂಟ್ ಎಂಬಲ್ಲಿ ಮೊರಾವಿಯನ್ ಸಭೆಯ ತರುಣರು ಊರಿನ ಸ್ಮಶಾನದ ಗುಡ್ಡದಲ್ಲಿ ಕೂಡಿ ಹಾಡಿದುದರಿಂದ ಮೊದಲಾಯಿತು. ಸಮಾಧಿಗಳ ನಡುವೆಯೇ ಸೂರ್ಯೋದಯವನ್ನು ಕಾಯುವ ಈ ಪದ್ಧತಿಯನ್ನು ಇಂದಿಗೂ ಅನೇಕ ಸಭೆಗಳಲ್ಲಿ ಕಾಣಬಹುದು. ನಿದ್ದೆಗಣ್ಣಿನ ಮಕ್ಕಳನ್ನು ಕಂಬಳಿಯಲ್ಲಿ ಸುತ್ತಿಯಾದರೂ ಕರೆದೊಯ್ಯಿರಿ. ಹಿಂದಿನ ದಿನ ತಾವೇ ಕಳೆ ಕಿತ್ತ ಸಮಾಧಿಯ ಮೇಲೆ ಮೊದಲ ಬಿಸಿಲು ಬೀಳುವುದನ್ನು ಅವರು ನೋಡಲಿ.

ಮನೆಗೆ ಬಂದ ಮೇಲೆ ಕಥೆ ಹೇಳುವ ಹೊತ್ತು. ವಯಸ್ಸಿಗೆ ತಕ್ಕಂತೆ ಮೂರು ಕಥೆಗಳನ್ನು ಆರಿಸಿಕೊಳ್ಳಬಹುದು. ಐದು ವರ್ಷದೊಳಗಿನವರಿಗೆ ತೋಟದ ಕಥೆ: ಅಳುತ್ತ ನಿಂತಿದ್ದ ಮಗ್ದಲದ ಮರಿಯಳು ಯೇಸುವನ್ನು ತೋಟಗಾರನೆಂದು ತಿಳಿದಳು, ಹೆಸರು ಹಿಡಿದು ಕರೆದಾಗ ಗುರುತಿಸಿದಳು. ತೋಟಗಳ ಸೀಮೆಯ ನಮ್ಮ ಮಕ್ಕಳಿಗೆ ಇದು ಬಹು ಪ್ರಿಯ. ಆರರಿಂದ ಒಂಬತ್ತು ವರ್ಷದವರಿಗೆ ಕೆರೆಯ ದಡದ ಕಥೆ: ರಾತ್ರಿಯೆಲ್ಲ ಬಲೆ ಬೀಸಿ ದಣಿದು ಬಂದ ಶಿಷ್ಯರಿಗೆ ಎದ್ದುಬಂದ ಕರ್ತನು ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿಯೊಂದಿಗೆ ಬೆಳಗಿನ ಊಟಕ್ಕೆ ಕರೆದನು. ದೊಡ್ಡವರಿಗೆ ಎಮ್ಮಾಹುವಿನ ದಾರಿಯ ಕಥೆ: ಜೊತೆಯಲ್ಲಿ ನಡೆದವನು ಯಾರೆಂಬುದು ರೊಟ್ಟಿ ಮುರಿದಾಗ ತಿಳಿಯಿತು. ಮೊದಲೆರಡು ಯೋಹಾನನ ಸುವಾರ್ತೆಯಲ್ಲಿಯೂ ಮೂರನೆಯದು ಲೂಕನ ಸುವಾರ್ತೆಯಲ್ಲಿಯೂ ಇವೆ.

ಕೊನೆಯದಾಗಿ ಹಳೆಯ ವಿದ್ಯಾರ್ಥಿನಿಯರಿಗೆ ಒಂದು ಮಾತು. ಬರಿದಾದ ಸಮಾಧಿಯನ್ನು ಮೊದಲು ಕಂಡವರು ಸ್ತ್ರೀಯರೆಂಬುದರಲ್ಲಿ ನಾಲ್ಕು ಸುವಾರ್ತೆಗಳೂ ಒಂದಾಗಿವೆ. ಆದರೆ ನಮ್ಮ ಮನೆಗಳಲ್ಲಿ ಆ ಮುಂಜಾನೆ ಸ್ತ್ರೀಯರು ಇರುವುದೆಲ್ಲಿ? ಸಣ್ಣಗಳನ್ನು ಹಬೆಯಲ್ಲಿಟ್ಟು, ಕೋಳಿಸಾರಿಗೆ ಮಸಾಲೆ ಅರೆಯುತ್ತ ಅಡಿಗೆಮನೆಯಲ್ಲಿ. ಇಪ್ಪತ್ತು ಜನರಿಗೆ ಅಟ್ಟು ಬಡಿಸಿ ತಾವು ಕೊನೆಗೆ ಉಣ್ಣುವ ಸೊಸೆಯಂದಿರಿಗೆ ಅರುಣೋದಯವೂ ತಪ್ಪಿತು, ಕಥೆಯೂ ತಪ್ಪಿತು. ಇದನ್ನು ನೋಡಿ ಬೆಳೆಯುವ ಹೆಣ್ಣುಮಕ್ಕಳು ಯಾವ ಪಾಠವನ್ನು ಕಲಿಯುವರೆಂದು ಯೋಚಿಸಿರಿ. ಹಿಟ್ಟನ್ನು ಶನಿವಾರವೇ ರುಬ್ಬಿಡಬಹುದು. ಭಾನುವಾರ ಬೆಳಗಿನ ಊಟಕ್ಕೆ ಅವಲಕ್ಕಿ, ಬಾಳೆಹಣ್ಣು, ಬಣ್ಣದ ಮೊಟ್ಟೆ ಸಾಕು. ದೊಡ್ಡ ಊಟವು ಮಧ್ಯಾಹ್ನವಾಗಲಿ, ಗಂಡಸರೂ ಕೈಹಾಕಲಿ. ದಡದಲ್ಲಿ ಕೆಂಡ ಹೊತ್ತಿಸಿ ಇತರರಿಗಾಗಿ ಅಡಿಗೆ ಮಾಡಿದವನು ಯಾರೆಂಬುದನ್ನು ಅವರಿಗೆ ಮೆಲ್ಲನೆ ನೆನಪು ಮಾಡಿಕೊಟ್ಟರೆ ಯಾರೂ ಇಲ್ಲವೆನ್ನಲಾರರು.

ಸೋಮವಾರ ಬೆಳಗಾದರೆ ಬಸ್ಸು, ರೈಲು, ಕಚೇರಿ, ಪರೀಕ್ಷೆ. ಬಂಧುಗಳು ಮರಳಿ ಚದುರುವರು. ಹೋಗುವ ಮೊದಲು ಪ್ರತಿಯೊಂದು ಮಗುವಿನ ಕೈಗೂ ಗೆರಟೆಯ ಸಸಿಯನ್ನು ಕೊಟ್ಟು ಕಳುಹಿಸಿರಿ. ಬೆಂಗಳೂರಿನ ಮನೆಯ ಕಿಟಕಿಯಲ್ಲಿ ಅದು ಕೆಲವು ವಾರ ಹಸುರಾಗಿರಲಿ. ಅದಕ್ಕೆ ನೀರೆರೆಯುವಾಗ ಮಗುವು ಅಜ್ಜನನ್ನೂ, ಅಜ್ಜಿ ಹೇಳಿದ್ದನ್ನೂ, ಚೊಂಬು ಹಿಡಿದು ಮೆಟ್ಟಿಲಲ್ಲಿ ನಿಂತಿದ್ದನ್ನೂ ನೆನೆದುಕೊಳ್ಳುವುದು. ನಾವು ಕಲಿಸಬಲ್ಲುದು ಇಷ್ಟೇ. ಉಳಿದುದನ್ನು ಆ ಮಗು ತನ್ನ ಕಾಲ ಬಂದಾಗ ತಾನೇ ಕೇಳಿ ತಿಳಿಯುವುದು. ಆಗ ಕೇಳಬಹುದಾದ ಮನೆಯೊಂದು ತನಗುಂಟೆಂಬ ಧೈರ್ಯ ಅದಕ್ಕೆ ಇರಲಿ.